ಕೂಡಲಸಂಗಮದ ಐಕ್ಯಮಂಟಪ: ಕಾಲ ಮತ್ತು ಸ್ಥಳನಿರ್ದೇಶ

1. ವ್ಯಾಪ್ತಿ
ಹನುಮಸಾಗರದಿಂದ ಉತ್ತರಕ್ಕೆ ಇಳಕಲ್ಲು, ಹುನಗುಂದಗಳನ್ನು ದಾಟಿದರೆ ಕೃಷ್ಣಾ–ಮಲಪ್ರಭೆಗಳ ಸಂಗಮ. 1956ರವರೆಗೆ ಹನುಮಸಾಗರವಿರುವ ಕುಷ್ಟಗಿ ಭಾಗ ಹೈದರಾಬಾದಿಗೂ ಹುನಗುಂದ ಭಾಗ ಮುಂಬಯಿಗೂ ಸೇರಿದ್ದವು. ಸ್ಥಳೀಯ ಐತಿಹ್ಯವನ್ನು ಆಡಳಿತ ದಾಖಲೆಗಳೊಂದಿಗೆ ತಾಳೆ ನೋಡುವವರು ಇದನ್ನು ಗಮನಿಸಬೇಕು. ಬಸವಣ್ಣನವರ ಐಕ್ಯಮಂಟಪಕ್ಕೆ ಮಾತ್ರ ಈ ಟಿಪ್ಪಣಿ ಸೀಮಿತ.

2. ಕಾಲ
ಬಸವಣ್ಣನವರ ಜನನಕ್ಕೆ 1105, 1131, 1134 ಎಂಬ ವರ್ಷಗಳೂ ಐಕ್ಯಕ್ಕೆ 1167, 1196 ಎಂಬ ವರ್ಷಗಳೂ ವಿದ್ವಾಂಸರಲ್ಲಿ ಬಳಕೆಯಲ್ಲಿವೆ. 1167ಕ್ಕೆ ಹೆಚ್ಚು ಮನ್ನಣೆಯಿದೆ. ಅದು ಬಹುಮಟ್ಟಿಗೆ ಕಳಚುರಿ ಬಿಜ್ಜಳನ ಆಳ್ವಿಕೆಯ ಅಂತ್ಯವನ್ನು ಅವಲಂಬಿಸಿದೆ. ಬಸವಣ್ಣನವರ ಐತಿಹಾಸಿಕ ಪಾತ್ರದ ಬಗ್ಗೆ ಶಾಸನತಜ್ಞ ಫ್ಲೀಟ್ ಎತ್ತಿದ್ದ ಶಂಕೆಗಳಿಗೆ 1260ರ ಅರ್ಜುನವಾಡ ಶಾಸನ ಸಾಕಷ್ಟು ಉತ್ತರ ಕೊಡುತ್ತದೆ. ಸೇವುಣ ಕನ್ನರನ ಕಾಲದ ಈ ಶಾಸನ ಬಾಗೆವಾಡಿಯನ್ನೂ ತಂದೆ ಮಾದಿರಾಜನನ್ನೂ ಹೆಸರಿಸುತ್ತದೆ. ಆದರೆ ಅದರ ವಿಷಯ ವಂಶ ಮತ್ತು ದತ್ತಿ. ಐಕ್ಯದ ವರ್ಷವನ್ನು ಅದರಿಂದ ಸಾಧಿಸಲಾಗದು.

3. ಸ್ಥಳ
ಹೆಚ್ಚಿನ ತೊಡಕು ಇಲ್ಲಿದೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಬಸವಣ್ಣ ಐಕ್ಯವಾಗುವುದು ಸಂಗಮೇಶ್ವರನಲ್ಲಿ. ಈಗ ಪೂಜೆಗೊಳ್ಳುವ ಐಕ್ಯಲಿಂಗವಾದರೋ ಸಂಗಮೇಶ್ವರ ದೇಗುಲದ ಗರ್ಭಗುಡಿಯಲ್ಲಿಲ್ಲ. ಹೊರಗೆ, ನದಿಯ ಪಾತ್ರದ ಕಡೆಗಿದೆ. ಇದನ್ನು ವಿರೋಧವೆಂದು ಕರೆಯುವುದು ಆತುರವಾದೀತು: ಕವಿಯ ‘ಐಕ್ಯ’ ತಾತ್ತ್ವಿಕ ಪದ, ಅಳತೆಯ ಗುರುತಲ್ಲ. ಈ ಕೃತಿ ಸಂಗಮಕ್ಷೇತ್ರವನ್ನು ದೃಢಪಡಿಸುತ್ತದೆ, ಮಂಟಪದ ನೆಲೆಯನ್ನಲ್ಲ ಎಂಬಷ್ಟನ್ನು ಹೇಳಬಹುದು. ಜೈನ ಪರಂಪರೆಯ ಕಥನ ಮಾತ್ರ ಬಸವಣ್ಣನವರ ಅಂತ್ಯವನ್ನು ಪಶ್ಚಿಮದ ಉಳವಿಗೆ ಜೋಡಿಸುತ್ತದೆ. ಶರಣ ಪರಂಪರೆಯಲ್ಲಿ ಉಳವಿ ಚೆನ್ನಬಸವಣ್ಣನವರ ಐಕ್ಯಸ್ಥಳ. ಎರಡು ವ್ಯಕ್ತಿಗಳ ಕಥೆ ಬೆರೆತಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ; ಆ ಕಥನ ಪ್ರತಿಪಕ್ಷದ್ದೆಂಬುದೂ ನೆನಪಿರಲಿ.

4. ಈಗಿನ ರಚನೆ
ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಶಂಕುಸ್ಥಾಪನೆಯಾಯಿತು. ನಾರಾಯಣಪುರದ ಬಸವಸಾಗರ ಜಲಾಶಯ 1982ರಲ್ಲಿ ಪೂರ್ಣಗೊಂಡಿತು. ಅದರ ಪೂರ್ಣ ಜಲಮಟ್ಟ 492.25 ಮೀಟರ್. ಹಿನ್ನೀರು ಮಂಟಪವನ್ನು ಮುಳುಗಿಸದಂತೆ ಸುತ್ತ ಬಾವಿಯಾಕಾರದ ಕಾಂಕ್ರೀಟ್ ಗೋಡೆ ಎದ್ದಿತು. ಭಕ್ತರು ಸೇತುವೆಯಿಂದ ಬಂದು ಮೆಟ್ಟಿಲಿಳಿಯುತ್ತಾರೆ. ಆಚೆ ದಡದ ತಂಗಡಗಿಯಲ್ಲಿ ಬಸವಣ್ಣನವರ ಪತ್ನಿ ನೀಲಾಂಬಿಕೆಯ ಐಕ್ಯಸ್ಥಳವಿದೆ. ಎರಡನ್ನೂ ಒಂದೇ ಜಲಾಶಯದ ಸಂದರ್ಭದಲ್ಲಿಟ್ಟು ಅಭ್ಯಸಿಸುವುದು ಸೂಕ್ತ.

‘12ನೇ ಶತಮಾನದ ಸ್ಮಾರಕ’ ಎಂಬ ಪ್ರಚಲಿತ ವಿವರಣೆ, ಹೀಗಾಗಿ, ಕ್ಷೇತ್ರದ ಸ್ಮೃತಿಗೆ ಒಪ್ಪಬಹುದು. ಹೊರಗೋಡೆಗೆ ಒಪ್ಪದು. ಸೂಚಿಗಳಲ್ಲಿ ಕ್ಷೇತ್ರ, ಐಕ್ಯಲಿಂಗ, ಆವರಣ ಈ ಮೂರಕ್ಕೂ ಬೇರೆಬೇರೆ ಕಾಲವನ್ನು ನಮೂದಿಸಬೇಕಾಗುತ್ತದೆ.