ಮಿಲನ್ ಕುಂದೇರ: ಜಗತ್ತು ಓದಿ ಮುಗಿಸಿದ ಮೇಲೆ ತಾಯ್ನಾಡು ತಲುಪಿದ ಲೇಖಕ

ಜೆಕ್ ಭಾಷೆಯಲ್ಲಿ ಬರೆದು ಜಗತ್ತಿನ ಉದ್ದಗಲಕ್ಕೂ ಓದುಗರನ್ನು ಸಂಪಾದಿಸಿದವರಲ್ಲಿ ಕಾದಂಬರಿಕಾರ ಮಿಲನ್ ಕುಂದೇರ ಅವರದು ದೊಡ್ಡ ಹೆಸರು. ವಿಚಿತ್ರವೆಂದರೆ, ಈ ಜನಪ್ರಿಯತೆ ಬಹುಪಾಲು ನಿಂತಿದ್ದು ಅನುವಾದಗಳ ಮೇಲೆ. ಸುಮಾರು ಎರಡು ದಶಕ ಅವರ ಪುಸ್ತಕಗಳಿಗೆ ಸ್ವದೇಶದ ಅಂಗಡಿಗಳಲ್ಲಿ ಜಾಗವೇ ಇರಲಿಲ್ಲ.

1929ರ ಏಪ್ರಿಲ್ 1ರಂದು ಬ್ರನೋ ನಗರದಲ್ಲಿ ಹುಟ್ಟಿದ ಕುಂದೇರ ಮೊದಲು ಬರೆದದ್ದು ಕವಿತೆ. ಫ್ರೆಂಚ್ ಕವಿ ಅಪೊಲಿನೇರ್ ಅವರನ್ನು ಜೆಕ್‌ಗೆ ತಂದವರಲ್ಲಿ ಅವರೂ ಒಬ್ಬರು. 1967ರಲ್ಲಿ ಮೊದಲ ಕಾದಂಬರಿ 'ದಿ ಜೋಕ್' ಬಂತು. ಪೋಸ್ಟ್‌ಕಾರ್ಡಿನಲ್ಲಿ ಗೀಚಿದ ಒಂದು ತಮಾಷೆಯಿಂದ ಬದುಕೇ ಹಾಳಾಗುವ ವಿದ್ಯಾರ್ಥಿಯ ಕತೆ ಅದು. ಮರುವರ್ಷ ಸೋವಿಯತ್ ಟ್ಯಾಂಕ್‌ಗಳು ಪ್ರಾಗ್‌ಗೆ ನುಗ್ಗಿದವು. ಕುಂದೇರ ಕೆಲಸ ಕಳೆದುಕೊಂಡರು, ಪುಸ್ತಕಗಳು ಗ್ರಂಥಾಲಯಗಳಿಂದ ಹೊರಬಿದ್ದವು. 1975ರಲ್ಲಿ ಪತ್ನಿಯೊಂದಿಗೆ ಫ್ರಾನ್ಸ್‌ಗೆ ಹೋಗಿ ರೆನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳತೊಡಗಿದರು. 1979ರಲ್ಲಿ ಜೆಕೊಸ್ಲೊವಾಕಿಯಾ ಅವರ ಪೌರತ್ವ ಕಿತ್ತುಕೊಂಡಿತು. 1981ರಲ್ಲಿ ಫ್ರಾನ್ಸ್ ತನ್ನ ಪೌರತ್ವ ಕೊಟ್ಟಿತು.

ಆದರೆ ಅವರನ್ನು ಹೆಚ್ಚು ಕಾಡಿದ್ದು ಅನುವಾದಕರೇ ಇರಬೇಕು! 1969ರಲ್ಲಿ ಲಂಡನ್‌ನಲ್ಲಿ ಬಂದ 'ದಿ ಜೋಕ್' ಇಂಗ್ಲಿಷ್ ಆವೃತ್ತಿಯಲ್ಲಿ ಭಾಗಗಳು ಕತ್ತರಿಸಿದ್ದವು, ಅಧ್ಯಾಯಗಳು ಅದಲುಬದಲಾಗಿದ್ದವು. ಅವರು ಬಹಿರಂಗವಾಗಿಯೇ ಪ್ರತಿಭಟಿಸಿದರು. ಫ್ರೆಂಚ್ ಅನುವಾದದ ಕತೆ ಇನ್ನೂ ಸೊಗಸು. ನಿಮ್ಮ ಮೊದಲಿನ ಅಲಂಕಾರದ ಶೈಲಿ ಈಗೇಕೆ ಇಷ್ಟು ಸರಳವಾಯಿತು ಎಂದು ಸಂದರ್ಶಕರೊಬ್ಬರು ಕೇಳಿದಾಗಲೇ ಕುಂದೇರ ಆ ಫ್ರೆಂಚ್ ಪುಸ್ತಕವನ್ನು ಸರಿಯಾಗಿ ಓದಿದ್ದು. ಅಲಂಕಾರವೆಲ್ಲ ಅನುವಾದಕರು ತೊಡಿಸಿದ್ದು!

ಆಮೇಲೆ ಅವರು ಬರೆಯುವುದನ್ನೇ ಬದಿಗಿಟ್ಟು ಎಂಬಂತೆ, ತಮ್ಮ ಎಲ್ಲ ಕಾದಂಬರಿಗಳ ಫ್ರೆಂಚ್ ಅನುವಾದಗಳನ್ನು ಸಾಲುಸಾಲಾಗಿ ತಿದ್ದಿದರು. ಅವಕ್ಕೆ ಜೆಕ್ ಮೂಲದಷ್ಟೇ ಅಧಿಕೃತ ಸ್ಥಾನವಿದೆ ಎಂದು ಘೋಷಿಸಿದರು. 1996ರಲ್ಲಿ 'ದಿ ಬುಕ್ ಆಫ್ ಲಾಫ್ಟರ್ ಅಂಡ್ ಫರ್ಗೆಟಿಂಗ್' ಮತ್ತೆ ಇಂಗ್ಲಿಷ್‌ಗೆ ಬಂದದ್ದು ಜೆಕ್‌ನಿಂದಲ್ಲ, ಫ್ರೆಂಚ್‌ನಿಂದ. 'ದಿ ಜೋಕ್' ಅವರ ಒಪ್ಪಿಗೆಯ ಇಂಗ್ಲಿಷ್ ರೂಪ ಪಡೆದದ್ದು 1992ರಲ್ಲಿ, ಐದನೇ ಯತ್ನಕ್ಕೆ. ಹಠ ಅನ್ನಿಸಬಹುದು. ಆದರೆ ಮೂಲ ಭಾಷೆಯ ಓದುಗರನ್ನೇ ಕಳೆದುಕೊಂಡ ಲೇಖಕನಿಗೆ ಅನುವಾದ ಬಿಟ್ಟರೆ ಬೇರೇನು ಉಳಿದಿತ್ತು?

ಅವರನ್ನು ಮನೆಮಾತಾಗಿಸಿದ್ದು 'ದಿ ಅನ್‌ಬೇರಬಲ್ ಲೈಟ್‌ನೆಸ್ ಆಫ್ ಬೀಯಿಂಗ್'. 1984ರಲ್ಲಿ ಮೊದಲು ಫ್ರೆಂಚ್‌ನಲ್ಲಿ ಬಂತು. ಜೆಕ್ ಪಠ್ಯ ಮರುವರ್ಷ ಅಚ್ಚಾದದ್ದು ದೂರದ ಟೊರೊಂಟೊದಲ್ಲಿ, ವಲಸಿಗ ಲೇಖಕ ಯೋಸೆಫ್ ಶ್ಕ್ವೊರೆತ್ಸ್ಕಿ ದಂಪತಿಯ ಪ್ರಕಾಶನದಿಂದ. 1988ರಲ್ಲಿ ಫಿಲಿಪ್ ಕೌಫ್‌ಮನ್ ಅದನ್ನು ಸಿನಿಮಾ ಮಾಡಿದರು. ನಂತರ ತಮ್ಮ ಕೃತಿಗಳನ್ನು ತೆರೆಗೆ ತರಲು ಕುಂದೇರ ಯಾರಿಗೂ ಅನುಮತಿ ಕೊಡಲಿಲ್ಲ.

1989ರಲ್ಲಿ ಕಮ್ಯುನಿಸ್ಟ್ ಆಡಳಿತ ಬಿದ್ದರೂ ಈ ಕಾದಂಬರಿ ಜೆಕ್ ನೆಲದಲ್ಲಿ ಅಚ್ಚಾಗಲು 2006 ಆಗಬೇಕಾಯಿತು. ಅಷ್ಟರಲ್ಲಿ ಅವರು ಫ್ರೆಂಚ್‌ನಲ್ಲೇ ಬರೆಯತೊಡಗಿದ್ದರು; 1995ರ 'ಸ್ಲೋನೆಸ್' ಅದರ ಮೊದಲ ಫಲ. ಈ ಫ್ರೆಂಚ್ ಕಾದಂಬರಿಗಳನ್ನು ಜೆಕ್‌ಗೆ ತರಲು ಬೇರೆಯವರಿಗೆ ಬಹುಕಾಲ ಬಿಡಲಿಲ್ಲ. 'ದಿ ಫೆಸ್ಟಿವಲ್ ಆಫ್ ಇನ್‌ಸಿಗ್ನಿಫಿಕೆನ್ಸ್' 2020ರಲ್ಲಿ ಜೆಕ್‌ಗೆ ಬಂದಾಗ ಅವರಿಗೆ 91 ವರ್ಷ.

2019ರಲ್ಲಿ ಜೆಕ್ ರಾಯಭಾರಿ ಪ್ಯಾರಿಸ್‌ನ ಮನೆಗೇ ಬಂದು ಪೌರತ್ವ ಪತ್ರ ಹಿಂತಿರುಗಿಸಿದರು. ಕುಂದೇರ ದಂಪತಿ ತಮ್ಮ ಪುಸ್ತಕಗಳನ್ನೂ ಕಾಗದಪತ್ರಗಳನ್ನೂ ಬ್ರನೋದ ಮೊರಾವಿಯನ್ ಗ್ರಂಥಾಲಯಕ್ಕೆ ಕೊಟ್ಟರು. ಹಲವು ಭಾಷೆಗಳ ಅನುವಾದಗಳಿರುವ ಮಿಲನ್ ಕುಂದೇರ ಲೈಬ್ರರಿ ಅಲ್ಲಿ 2023ರ ಏಪ್ರಿಲ್‌ನಲ್ಲಿ ತೆರೆಯಿತು. ಅದೇ ವರ್ಷ ಜುಲೈ 11ರಂದು ಅವರು ಪ್ಯಾರಿಸ್‌ನಲ್ಲಿ ತೀರಿಕೊಂಡರು.