ಪೋಡಿನ ಸಭೆ ಮತ್ತು ಸರ್ಕಾರ: ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಸಮುದಾಯ ಅರಣ್ಯ ಹಕ್ಕು

2011ರ ಅಕ್ಟೋಬರ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ 25 ಸೋಲಿಗ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕಿಗೆ ಮಾನ್ಯತೆ ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು. ಈ ಬೆಳವಣಿಗೆಯ ಬಗ್ಗೆ ಬಂದಿರುವ ಬರಹಗಳಲ್ಲಿ ಹೆಚ್ಚಿನವು ಅದನ್ನು ಜೀವನೋಪಾಯದ ವಿಷಯವಾಗಿ ನೋಡಿವೆ. ಜೇನು, ನೆಲ್ಲಿ, ಪಾಚಿ ತರಲು ಅಡ್ಡಿ ತಪ್ಪಿತೇ, ಆದಾಯ ಕೂಡಿತೇ, ಕಾಡಿಗೆ ಧಕ್ಕೆಯಾಯಿತೇ ಎಂದು ಕೇಳಿವೆ. ಇವು ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಇವುಗಳ ನಡುವೆ ಮೂಲದ ಪ್ರಶ್ನೆಯೊಂದು ಹಿಂದೆ ಸರಿದಿದೆ: ಈ ಕಾಡಿನ ಬಗ್ಗೆ ತೀರ್ಮಾನ ಕೈಗೊಳ್ಳುವ ಅಧಿಕಾರ ಯಾರಿಗಿದೆ? 2006ರ ಅರಣ್ಯ ಹಕ್ಕು ಕಾಯ್ದೆ ಪೋಡಿನ, ಅಂದರೆ ಸೋಲಿಗರ ಊರಿನ, ಸಭೆಯನ್ನು ಆಡಳಿತಾಧಿಕಾರವುಳ್ಳ ಸಂಸ್ಥೆಯಾಗಿ ಗುರುತಿಸಿತು; ಸರ್ಕಾರದ ಇಲಾಖೆಗಳು ಅದನ್ನು ಇಂದಿಗೂ ಅರ್ಜಿದಾರರ ಗುಂಪಾಗಿಯೇ ಕಾಣುತ್ತಿವೆ. ಬೆಟ್ಟದ ಈಚಿನ ಬಿಕ್ಕಟ್ಟುಗಳ ಬೇರು ಇಲ್ಲಿದೆ ಎಂಬುದು ಈ ಲೇಖನದ ವಾದ.

ಸೋಲಿಗರ ನೆಲದ ಮೇಲೆ ಸರ್ಕಾರದ ಗೆರೆಗಳು ಒಂದರ ಮೇಲೊಂದು ಬಿದ್ದಿವೆ. ಮೈಸೂರಿನ ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಯಳಂದೂರು ಜಹಗೀರಾಗಿ ಸಂದಿತು. ಪೂರ್ವದ ಕೊಳ್ಳೇಗಾಲ ಸೀಮೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರವರೆಗೂ ಅದು ಅಲ್ಲೇ ಇತ್ತು. ಹೀಗೆ ಒಂದೇ ಜನ, ಒಂದೇ ಕುಲದ ಬಂಧುಗಳು, ಎರಡು ಬಗೆಯ ಅರಣ್ಯ ಕಾನೂನುಗಳ ಅಡಿಯಲ್ಲಿ ಬದುಕಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬೆಟ್ಟದ ಎತ್ತರದ ಜಾಗಗಳಲ್ಲಿ ಯುರೋಪಿಯನ್ನರ ಕಾಫಿ ತೋಟಗಳು ಎದ್ದವು. ಹೊನ್ನಮೇಟಿ, ಅತ್ತಿಖಾನೆಗಳ ತೋಟಗಳು ಇಂದಿಗೂ ಇವೆ. 1974ರಲ್ಲಿ ಅಭಯಾರಣ್ಯ ಘೋಷಣೆಯಾದ ಮೇಲೆ ಕಾಡಿನೊಳಗೆ ಚದುರಿದ್ದ ಪೋಡುಗಳನ್ನು ರಸ್ತೆಯಂಚಿನ ಕಾಲೊನಿಗಳಿಗೆ ತರಲಾಯಿತು. ಜಾಗ ಬದಲಿಸುತ್ತ ರಾಗಿ ಬಿತ್ತುವ ಪದ್ಧತಿಯೂ ಬೇಟೆಯೂ ನಿಂತವು. ವರ್ಷವಿಡೀ ನೆಲದಲ್ಲಿ ಬೇರೂರಿ ನಿಲ್ಲುವ ಕಾಫಿ ಬೆಳೆ ಕಾಡಿಗೆ ಹೊಂದಬಹುದು, ಕೆಲವು ವರ್ಷ ಬಿತ್ತಿ ಬಿಟ್ಟುಬರುವ ರಾಗಿ ಹೊಂದದು ಎಂಬ ತೀರ್ಮಾನಕ್ಕೆ ಜೀವವಿಜ್ಞಾನದ ಆಧಾರ ಹುಡುಕುವುದು ಕಷ್ಟ. ತೋಟದವರ ಬಳಿ ದಾಖಲೆಯಿತ್ತು, ಪೋಡಿನವರ ಬಳಿ ಇರಲಿಲ್ಲ. ವ್ಯತ್ಯಾಸ ಅಷ್ಟೇ.

ಬೇಸಾಯ ಹೋದ ಮೇಲೆ ಉಳಿದದ್ದು ಕಿರು ಅರಣ್ಯ ಉತ್ಪನ್ನ. ಲ್ಯಾಂಪ್ಸ್ ಎಂಬ ಆದಿವಾಸಿ ಸಹಕಾರ ಸಂಘಗಳ ಮೂಲಕ ಜೇನು, ನೆಲ್ಲಿ, ಅಂಟುವಾಳ, ಸೀಗೆ, ಪಾಚಿ ಮಾರಾಟವಾಗುತ್ತಿದ್ದವು. 1990ರ ದಶಕದ ಅಧ್ಯಯನಗಳ ಪ್ರಕಾರ ಸೋಲಿಗ ಕುಟುಂಬಗಳ ನಗದು ಆದಾಯದಲ್ಲಿ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಈ ಮೂಲದಿಂದ ಬರುತ್ತಿತ್ತು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಬಂದ ತಿದ್ದುಪಡಿ ಅಭಯಾರಣ್ಯಗಳಿಂದ ಮಾರಾಟಕ್ಕಾಗಿ ಏನನ್ನೂ ತರಬಾರದೆಂದಿತು. 2006ರ ಹೊತ್ತಿಗೆ ಬೆಟ್ಟದಲ್ಲಿ ಆ ದಾರಿಯೂ ಮುಚ್ಚಿತು. ಅರಣ್ಯ ಹಕ್ಕು ಕಾಯ್ದೆ ಸಂಸತ್ತಿನ ಒಪ್ಪಿಗೆ ಪಡೆದದ್ದೂ ಅದೇ ವರ್ಷದ ಡಿಸೆಂಬರ್‌ನಲ್ಲಿ.

ಈ ಕಾಯ್ದೆಯಡಿ ಹಕ್ಕು ಕೇಳುವವರು ಕಾಡಿನೊಡನೆ ತಮ್ಮ ಸಂಬಂಧವನ್ನು ಸಾಬೀತು ಮಾಡಬೇಕು. ಪಟ್ಟಾ, ಪಹಣಿ, ಕಂದಾಯದ ರಸೀದಿ ಯಾವುದೂ ಇಲ್ಲದ ಜನ ಏನನ್ನು ತೋರಿಸಬಹುದು? ಸೋಲಿಗರಿಗೆ ನೆಲವೆಂದರೆ ಎಲ್ಲೆಗಳ ಜಾಲ. ಒಂದೊಂದು ಕುಲಕ್ಕೂ ತನ್ನ ಎಲ್ಲೆಯುಂಟು. ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿಗಳೆಂಬ ನೆಲೆಗಳುಂಟು. ಪೂಜೆಯ ಹೊಣೆ, ಹಿರಿಯರ ಸಮಾಧಿ, ನೀರಿನ ಕಣ್ಣು ಎಲ್ಲವೂ ಈ ಲೆಕ್ಕದಲ್ಲಿ ಬರುತ್ತವೆ. ಭಾರ್ಗವಿ ಹಳ್ಳದ ದಡದ ದೊಡ್ಡ ಸಂಪಿಗೆ ಇವುಗಳಲ್ಲಿ ಹೆಸರಾದದ್ದು. ಬೆಟ್ಟದ ರಂಗಸ್ವಾಮಿ ಸೋಲಿಗರ ಹೆಣ್ಣುಮಗಳು ಕುಸುಮಾಲೆಯನ್ನು ವರಿಸಿದ್ದರಿಂದ ಇಡೀ ಸಮುದಾಯಕ್ಕೆ ಅವನು ಭಾವ. ದೇವರೊಡನೆಯೂ ನೆಂಟಸ್ತಿಕೆಯ ಮೂಲಕವೇ ನೆಲದ ಸಂಬಂಧ ಹೇಳಿಕೊಳ್ಳುವ ಜನ ಇವರು. ಸುಷ್ಮಿತಾ ಮಂಡಲ್, ನಿತಿನ್ ರೈ ಮತ್ತು ಸ್ವತಃ ಸೋಲಿಗರೇ ಆದ ಸಂಶೋಧಕ ಸಿ. ಮಾದೇಗೌಡ ಅವರು ಪೋಡಿನ ಹಿರಿಯರೊಂದಿಗೆ ಕೂಡಿ ಈ ನೆಲೆಗಳನ್ನು ನಕ್ಷೆಗೆ ತಂದರು. ಐನೂರರ ಆಸುಪಾಸು ತಾಣಗಳು ಅದರಲ್ಲಿ ದಾಖಲಾದವು. ಇಲಾಖೆಯ ನಕ್ಷೆಯಲ್ಲಿ ವಲಯ, ಗಸ್ತು, ಕಂಪಾರ್ಟ್‌ಮೆಂಟುಗಳಾಗಿ ಕಾಣುತ್ತಿದ್ದ ಕಾಡು ಕುಲಗಳ ಹೆಸರಿನಲ್ಲಿ ಮತ್ತೆ ಕಾಣಿಸಿಕೊಂಡಿತು.

ಈ ನಕ್ಷೆಗೆ ಕಾನೂನಿನ ಬಲವೂ ಇದೆ. ಕಾಯ್ದೆಯಡಿಯ ನಿಯಮಗಳು ಸರ್ಕಾರಿ ದಾಖಲೆಗಳ ಜೊತೆಗೆ ಹಿರಿಯರ ಹೇಳಿಕೆಯನ್ನೂ ಪವಿತ್ರ ತಾಣ, ಸಮಾಧಿಸ್ಥಳಗಳಂಥ ಕುರುಹುಗಳನ್ನೂ ಸಾಕ್ಷ್ಯವೆಂದು ಒಪ್ಪುತ್ತವೆ. ಕೆನಡಾದಲ್ಲಿ ಗಿಟ್‌ಕ್ಸಾನ್ ಮತ್ತು ವೆಟ್‌ಸುವೆಟ್‌ಎನ್ ಎಂಬ ಮೂಲನಿವಾಸಿ ಜನರು ಇಷ್ಟನ್ನು ಪಡೆಯಲು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಬೇಕಾಯಿತು. ಕೆಳಗಿನ ನ್ಯಾಯಾಲಯ 1991ರಲ್ಲಿ ಅವರ ದಾವೆಯನ್ನು ತಳ್ಳಿಹಾಕಿತ್ತು. 1997ರ ಡಿಸೆಂಬರ್ 11ರ ಡೆಲ್ಗಮೂಕ್ ತೀರ್ಪು ಮೌಖಿಕ ಚರಿತ್ರೆಗೆ ಲಿಖಿತ ದಾಖಲೆಗೆ ಸಮನಾದ ಸ್ಥಾನ ಕೊಡಬೇಕೆಂದು ಹೇಳಿ ಮರುವಿಚಾರಣೆಗೆ ಆದೇಶಿಸಿತು. ಅಲ್ಲಿ ನ್ಯಾಯಾಧೀಶರು ಕಟ್ಟಿದ ತತ್ತ್ವ ಇಲ್ಲಿ ಶಾಸನದ ನಿಯಮವಾಗಿಯೇ ಬಂದಿದೆ. ಹಾಗಿದ್ದೂ ನಮ್ಮ ಅಧಿಕಾರಿಗಳು ಕಡತದಲ್ಲಿ ಹುಡುಕುವುದು ಮುದ್ರೆಯೊತ್ತಿದ ಕಾಗದವನ್ನೇ.

ಈಗ ಸಭೆಯ ವಿಷಯಕ್ಕೆ ಬರೋಣ. ಸಂವಿಧಾನದ ಐದನೆಯ ಅನುಸೂಚಿಯ ಪ್ರದೇಶಗಳು 10 ರಾಜ್ಯಗಳಲ್ಲಿವೆ. ಕರ್ನಾಟಕದಲ್ಲಿ ಒಂದೂ ಇಲ್ಲ. ಆದ್ದರಿಂದ ಆದಿವಾಸಿ ಗ್ರಾಮಸಭೆಗಳಿಗೆ ವಿಶೇಷ ಅಧಿಕಾರ ಕೊಡುವ 1996ರ ಪೆಸಾ ಕಾಯ್ದೆ ಇಲ್ಲಿ ಅನ್ವಯವಾಗುವುದಿಲ್ಲ. ಪ್ರಾತಿನಿಧ್ಯದ ದಾರಿಯೂ ಕಿರಿದು. ವಿಧಾನಸಭೆಯಲ್ಲಿ ಪರಿಶಿಷ್ಟ ಪಂಗಡಗಳಿಗೆ 15 ಸ್ಥಾನಗಳಿದ್ದರೂ ಸೋಲಿಗ, ಜೇನುಕುರುಬ, ಕೊರಗರಂಥ ಸಣ್ಣ ಸಮುದಾಯಗಳು ಆ ಎತ್ತರಕ್ಕೆ ಏರುವುದು ದುಸ್ತರ. 2020ರಲ್ಲಿ ಸಿದ್ದಿ ಸಮುದಾಯದ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡದ್ದು ಸುದ್ದಿಯಾದದ್ದೇ ಅದರ ಅಪರೂಪದ ಕಾರಣಕ್ಕೆ. ಪಂಚಾಯಿತಿಯಲ್ಲೂ ಹಲವು ಪೋಡುಗಳು ಬಯಲಿನ ದೊಡ್ಡ ಊರುಗಳ ಜೊತೆ ಸೇರಿ ಅಲ್ಪಸಂಖ್ಯೆಯಾಗಿ ಉಳಿದಿವೆ.

ಇಂಥ ರಾಜ್ಯದಲ್ಲಿ ಅರಣ್ಯ ಹಕ್ಕು ಕಾಯ್ದೆಯ 2ನೆಯ ಕಲಮಿನ ‘ಗ್ರಾಮ’ದ ವ್ಯಾಖ್ಯೆ ಬಹು ದೊಡ್ಡ ಸಂಗತಿ. ಅರಣ್ಯಗ್ರಾಮಗಳು, ಹಳೆಯ ನೆಲೆಗಳು, ಸರ್ವೆಯಾಗದ ಜನವಸತಿಗಳು ಕೂಡ ಗ್ರಾಮವೇ ಎಂದು ಅದು ಹೇಳುತ್ತದೆ. ಅಂದರೆ ಕಂದಾಯ ನಕ್ಷೆಯಲ್ಲಿ ಹೆಸರೇ ಇಲ್ಲದ ಪೋಡಿಗೂ ತನ್ನದೇ ಸಭೆ ನಡೆಸುವ ಅಧಿಕಾರವುಂಟು. ಹಕ್ಕು ನಿರ್ಧಾರದ ಪ್ರಕ್ರಿಯೆ ಆರಂಭವಾಗಬೇಕಾದದ್ದೂ ಈ ಸಭೆಯಲ್ಲೇ. ಉಪವಿಭಾಗ ಮತ್ತು ಜಿಲ್ಲಾ ಮಟ್ಟದ ಸಮಿತಿಗಳು ಆಮೇಲೆ. 2012ರ ತಿದ್ದುಪಡಿ ನಿಯಮಗಳು ಸಭೆಯ ಕೋರಂ ಅನ್ನು ಅರ್ಧಕ್ಕೆ ನಿಗದಿಪಡಿಸಿ, ಹಾಜರಿದ್ದವರಲ್ಲಿ ಮೂರನೆಯ ಒಂದರಷ್ಟು ಹೆಂಗಸರಿರಬೇಕೆಂದು ವಿಧಿಸಿದವು. ಸೋಲಿಗರಿಗೆ ಇದು ಎರವಲು ತಂದ ಪದ್ಧತಿಯೇನಲ್ಲ. ಯಜಮಾನ, ಚಲವಾದಿ, ತಮ್ಮಡಿಗಳಿರುವ ನ್ಯಾಯತೀರ್ಮಾನದ ವ್ಯವಸ್ಥೆ ಅವರಲ್ಲಿ ಮೊದಲೇ ಇತ್ತು. ಆದರೆ ಹಳೆಯ ಪಂಚಾಯಿತಿಯಲ್ಲಿ ಮಾತು ಹಿರಿಯ ಗಂಡಸರದಾಗಿತ್ತು. ಹೊಸ ಸಭೆ ಹೆಂಗಸರಿಗೂ ಎಳೆಯರಿಗೂ ಜಾಗ ಮಾಡಿಕೊಡಬೇಕಾಯಿತು. ಆದಿವಾಸಿ ಸಂಸ್ಥೆಗಳನ್ನು ಹೊಗಳುವ ಬರಹಗಳು ಈ ಬದಲಾವಣೆಯ ತೂಕವನ್ನು ಗಮನಿಸಿದ್ದು ಕಡಿಮೆ.

ಹಕ್ಕಿನ ಅರ್ಜಿಗಳು ಸಮಿತಿಗಳ ಮುಂದೆ ಇರುವಾಗಲೇ, 2011ರ ಜನವರಿಯಲ್ಲಿ, ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಕಾನೂನಿನ ಕ್ರಮ ಇದಕ್ಕೆ ತಿರುವುಮುರುವು. ವನ್ಯಜೀವಿ ಕಾಯ್ದೆಯ 2006ರ ತಿದ್ದುಪಡಿಯೇ, ಹುಲಿಯ ನೆಲೆಯಿಂದ ಜನರನ್ನು ಸ್ಥಳಾಂತರಿಸುವ ಮೊದಲು ಅವರ ಹಕ್ಕುಗಳ ನಿರ್ಧಾರ ಮುಗಿದಿರಬೇಕು, ಗ್ರಾಮಸಭೆಯ ಒಪ್ಪಿಗೆ ಇರಬೇಕು ಎನ್ನುತ್ತದೆ. ಅರಣ್ಯ ಹಕ್ಕು ಕಾಯ್ದೆ ಇನ್ನೂ ಸ್ಪಷ್ಟ: ಸಮುದಾಯ ಅರಣ್ಯ ಸಂಪನ್ಮೂಲದ ವ್ಯಾಖ್ಯೆಯಲ್ಲೇ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳನ್ನು ಸೇರಿಸಿದೆ. ಎರಡು ಕಾನೂನುಗಳು ಪರಸ್ಪರ ವಿರುದ್ಧ ಎಂಬ ಮಾತು ಕಚೇರಿಗಳಲ್ಲಿ ಎಷ್ಟೇ ಚಾಲ್ತಿಯಲ್ಲಿದ್ದರೂ ಪಠ್ಯ ಅದಕ್ಕೆ ಇಂಬು ಕೊಡುವುದಿಲ್ಲ. ವಿರೋಧ ಇರುವುದು ಆಡಳಿತದ ಅಭ್ಯಾಸದಲ್ಲಿ. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ 2017ರ ಮಾರ್ಚ್‌ನಲ್ಲಿ ಹುಲಿಯ ಮುಖ್ಯ ನೆಲೆಗಳಲ್ಲಿ ಹಕ್ಕು ನೀಡಬಾರದೆಂದು ಆದೇಶ ಹೊರಡಿಸಿತು. ಟೀಕೆಯ ನಂತರ 2018ರಲ್ಲಿ ಹಿಂತೆಗೆದುಕೊಂಡಿತು. 2024ರ ಜೂನ್‌ನಲ್ಲಿ ಅದೇ ಪ್ರಾಧಿಕಾರ ದೇಶದ ಹುಲಿ ಪ್ರದೇಶಗಳ ಒಳಭಾಗದಲ್ಲಿರುವ 591 ಗ್ರಾಮಗಳ 64,801 ಕುಟುಂಬಗಳ ಸ್ಥಳಾಂತರಕ್ಕೆ ಆದ್ಯತೆ ಕೊಡಿ ಎಂದು ರಾಜ್ಯಗಳಿಗೆ ಬರೆಯಿತು. ಗ್ರಾಮಸಭೆಯ ಒಪ್ಪಿಗೆ ಇಲ್ಲದೆ ಇಂಥ ಕೆಲಸ ಕಾನೂನಿನಡಿ ಸಾಧ್ಯವಿಲ್ಲ.

ಬಿಳಿಗಿರಿಯ ಹಕ್ಕುಪತ್ರಗಳಿಗೆ ಒಂದು ತಾಂತ್ರಿಕ ತೊಡಕೂ ಅಂಟಿಕೊಂಡಿದೆ. ಅವು ಹೊರಟಾಗ ಜಾರಿಯಲ್ಲಿದ್ದ 2008ರ ನಿಯಮಗಳಲ್ಲಿ ಕಾಡಿನ ಸಂರಕ್ಷಣೆ ಮತ್ತು ನಿರ್ವಹಣೆಯ ಹಕ್ಕಿಗೆ ಪ್ರತ್ಯೇಕ ನಮೂನೆ ಇರಲಿಲ್ಲ. ಆ ‘ಸಿ’ ನಮೂನೆ ಬಂದದ್ದು 2012ರಲ್ಲಿ. ಉತ್ಪನ್ನ ತರುವ ಹಕ್ಕು ಮತ್ತು ಕಾಡನ್ನು ನಿರ್ವಹಿಸುವ ಹಕ್ಕು ಬೇರೆಬೇರೆ ಎಂಬ ವಾದಕ್ಕೆ ಇದರಿಂದ ಎಡೆಯಾಯಿತು. ಕಾಯ್ದೆಯ 3ನೆಯ ಕಲಂ ಎರಡನ್ನೂ ಒಟ್ಟಿಗೆ ಹೇಳಿರುವಾಗ, ನಮೂನೆಯ ಕೊರತೆಯಿಂದ ಮೂಲ ಹಕ್ಕು ಕುಗ್ಗುವುದಿಲ್ಲ.

ನಿರ್ವಹಣೆಯ ಹಕ್ಕು ಏಕೆ ಮುಖ್ಯ ಎಂಬುದನ್ನು ತರಗು ಬೆಂಕಿಯಷ್ಟು ಚೆನ್ನಾಗಿ ತೋರಿಸುವ ಉದಾಹರಣೆ ಇನ್ನೊಂದಿಲ್ಲ. ಜನವರಿ, ಫೆಬ್ರವರಿಯಲ್ಲಿ, ಹುಲ್ಲು ಪೂರ್ತಿ ಒಣಗುವ ಮುನ್ನ, ಸೋಲಿಗರು ನೆಲದ ತರಗಿಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ಅದು ಮರವೇರದೆ ನೆಲದಲ್ಲೇ ಹರಿದು ಆರುತ್ತಿತ್ತು. ಉಣ್ಣಿ ಹುಳು ಕಡಿಮೆಯಾಗುತ್ತದೆ, ಹೊಸ ಹುಲ್ಲು ಚಿಗುರುತ್ತದೆ, ಲಂಟಾನದ ಎಳೆ ಗಿಡ ಸಾಯುತ್ತದೆ, ನೆಲ್ಲಿಮರಕ್ಕೆ ಹತ್ತುವ ಉಪ್ಪಿಲು ಎಂಬ ಬಂದಳಿಕೆ ಹತೋಟಿಯಲ್ಲಿರುತ್ತದೆ ಎಂಬುದು ಅವರ ವಿವರಣೆ. ಅಭಯಾರಣ್ಯದ ಕಾನೂನು ಬೆಂಕಿಯನ್ನು ಅಪರಾಧವೆಂದಿತು. ಏಟ್ರೀ ಸಂಶೋಧನಾ ಸಂಸ್ಥೆಯವರು 1997ರಲ್ಲಿ ಅಳೆದ ತಾಕುಗಳಲ್ಲಿ ನೂರಕ್ಕೆ ಸುಮಾರು 40ರಲ್ಲಿ ಲಂಟಾನವಿತ್ತು. 2008ರಲ್ಲಿ ಮತ್ತೆ ನೋಡಿದಾಗ ಸುಮಾರು 80ರಲ್ಲಿ ಕಂಡಿತು. ಬೆಂಕಿ ನಿಷೇಧವೊಂದೇ ಇದಕ್ಕೆ ಕಾರಣವೆಂದು ಹೇಳುವುದು ದುಡುಕಾದೀತು. ಈಗಿನ ದಟ್ಟ ಲಂಟಾನದ ನಡುವೆ ಹಳೆಯ ರೀತಿಯಲ್ಲೇ ಬೆಂಕಿ ಕೊಟ್ಟರೆ ಅದು ಕಾಡ್ಗಿಚ್ಚಾಗಬಹುದೆಂದು ಸೋಲಿಗರಿಗೂ ಗೊತ್ತು. ಆದರೆ ಮೊದಲು ಎಲ್ಲಿ ಕಡಿಯಬೇಕು, ಎಲ್ಲಿ ಸುಡಬೇಕು, ಯಾವ ಇಳಿಜಾರನ್ನು ಬಿಡಬೇಕು ಎಂದು ಹೇಳಬಲ್ಲ ತಲೆಮಾರು ಇನ್ನೂ ಪೋಡುಗಳಲ್ಲಿದೆ. ಅವರ ಮಾತು ಸಂದರ್ಶನದಲ್ಲಿ ದಾಖಲಾಗುತ್ತದೆ, ನಿರ್ವಹಣಾ ಯೋಜನೆಯೊಳಗೆ ಬರುವುದಿಲ್ಲ. ಜ್ಞಾನಕ್ಕೆ ಗೌರವ, ಅಧಿಕಾರಕ್ಕೆ ನಿರಾಕರಣೆ: ಈ ಇಬ್ಬಗೆ ನನಗೆ ಅತ್ಯಂತ ಅನ್ಯಾಯವಾಗಿ ಕಾಣುತ್ತದೆ.

ಸಂರಕ್ಷಣಾವಾದಿಗಳ ಆತಂಕವನ್ನು ತಳ್ಳಿಹಾಕಬೇಕಿಲ್ಲ. ಕಾಡು ತುಂಡಾಗುವುದು, ರಸ್ತೆ ಮತ್ತು ದನಗಳ ಒತ್ತಡ, ಮಾರುಕಟ್ಟೆಯ ಬೇಡಿಕೆಗೆ ಬಲಿಯಾಗುವ ಮಾಗಳಿ ಬೇರಿನಂಥ ಸಸ್ಯಗಳು, ಇವೆಲ್ಲ ನಿಜವಾದ ಸಮಸ್ಯೆಗಳು. ಆದರೆ ಜನವಿದ್ದಲ್ಲಿ ಹುಲಿ ಉಳಿಯದು ಎಂಬ ಸಾಮಾನ್ಯ ಸೂತ್ರವನ್ನು ಬಿಳಿಗಿರಿ ಒಪ್ಪುವುದಿಲ್ಲ. ಪೋಡುಗಳು ಅಲ್ಲೇ ಇರುವಾಗ, 2010ರಿಂದ 2014ರ ಗಣತಿಗಳ ನಡುವೆ ಇಲ್ಲಿನ ಹುಲಿಗಳ ಅಂದಾಜು ಸಂಖ್ಯೆ 35ರಿಂದ 68ಕ್ಕೆ ಏರಿತು. ಅಂದಾಜಿನ ವಿಧಾನದ ಬಗ್ಗೆ ತಜ್ಞರಲ್ಲಿ ಚರ್ಚೆ ಇದ್ದೇ ಇದೆ. ಜನರ ವಾಸದಿಂದ ಹುಲಿ ಕಡಿಮೆಯಾಯಿತೆಂದು ಹೇಳಲು ಮಾತ್ರ ಆ ಅಂಕಿಗಳಲ್ಲಿ ಆಧಾರವಿಲ್ಲ.

ರಾಜ್ಯದ ನಾಗರಹೊಳೆ ಉದ್ಯಾನ ಇನ್ನೊಂದು ಚಿತ್ರ ಕೊಡುತ್ತದೆ. ಅಲ್ಲಿನ ಆದಿವಾಸಿ ಸಂಘಟನೆಗಳು ಉದ್ಯಾನದೊಳಗಿನ ರೆಸಾರ್ಟ್ ಗುತ್ತಿಗೆಯ ವಿರುದ್ಧ ಹೈಕೋರ್ಟಿನಲ್ಲಿ 1997ರಲ್ಲಿ ಗೆದ್ದವು. ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ 3,418 ಕುಟುಂಬಗಳಿಗೆ ಪುನರ್ವಸತಿ ಬಾಕಿಯಿದೆ ಎಂದು ವರದಿ ಕೊಟ್ಟಿತು. 2025ರ ಮೇ ತಿಂಗಳಲ್ಲಿ ಜೇನುಕುರುಬರ 52 ಕುಟುಂಬಗಳು ಕರಡಿಕಲ್ಲು ಅತ್ತೂರುಕೊಲ್ಲಿಯ ತಮ್ಮ ಹಳೆಯ ಹಾಡಿಗೆ ಹಿಂದಿರುಗಿ ಗುಡಿಸಲು ಕಟ್ಟಿದವು. ಅರ್ಜಿಗೆ ಉತ್ತರ ಕಾಯುತ್ತ ಕೂರುವ ಸ್ಥಾನದಿಂದ ಸಭೆ ಎದ್ದು ಬಂದಾಗ ಏನಾಗುತ್ತದೆ ಎಂಬುದಕ್ಕೆ ಇದು ನಿದರ್ಶನ. ಬಿಳಿಗಿರಿಯಲ್ಲಿ ಕೈಯಲ್ಲಿ ಹಕ್ಕುಪತ್ರವಿರುವುದರಿಂದ ಮುಂದಿನ ಹೆಜ್ಜೆ ಬೇರೆ ಬಗೆಯದು. ಸಭೆ ತನ್ನ ಸಂರಕ್ಷಣಾ ಯೋಜನೆ ರೂಪಿಸಬೇಕು, ಅದನ್ನು ಇಲಾಖೆಯ ಯೋಜನೆಯೊಂದಿಗೆ ಜೋಡಿಸಬೇಕು ಎಂದು ನಿಯಮಗಳೇ ಹೇಳುತ್ತವೆ. ಬುಡಕಟ್ಟು ವ್ಯವಹಾರಗಳ ಸಚಿವಾಲಯ 2023ರ ಸೆಪ್ಟೆಂಬರ್‌ನಲ್ಲಿ ಇದಕ್ಕೆ ಮಾರ್ಗಸೂಚಿಯನ್ನೂ ಹೊರಡಿಸಿದೆ. ಒಂದು ಪೋಡಿನ ಎಲ್ಲೆಯೊಳಗೆ, ಲಂಟಾನ ಕಡಿದು ತೆರವು ಮಾಡಿದ ಒಂದು ಇಳಿಜಾರಿನಲ್ಲಿ, ಸಭೆಯ ನಿರ್ಣಯದಂತೆ ಜನವರಿಯಲ್ಲಿ ತರಗು ಬೆಂಕಿ ಕೊಡುವುದು ಆ ಯೋಜನೆಯ ಮೊದಲ ಬಾಬ್ತಾಗಬಹುದು. ಇಲಾಖೆಯ ಸಿಬ್ಬಂದಿ ಜೊತೆಗಿರಲಿ, ಸಂಶೋಧಕರು ಅಳೆಯಲಿ. ಆದರೆ ದಿನ ಗೊತ್ತುಮಾಡುವವರು ಪೋಡಿನವರೇ ಆಗಿರಬೇಕು.