ಅಂಗಡಿ, ಆಫೀಸಿಗೆ ಎರಡನೇ ವೈಫೈ ರೂಟರ್: ಬಿಲ್ಲಿಂಗ್ ನಿಲ್ಲದಂತೆ ಜೋಡಿಸೋದು ಹೇಗೆ?

ಮುಂದಿನ ಕೌಂಟರ್‌ನಲ್ಲಿ ವೈಫೈ ಚೆನ್ನಾಗಿರುತ್ತೆ, ಹಿಂದಿನ ಗೋಡೌನ್‌ಗೆ ಸಿಗ್ನಲ್ಲೇ ಬರಲ್ಲ. ಅದಕ್ಕೆ ಹೊಸ ರೂಟರ್ ತಂದು ಹಾಗೇ ಸಿಕ್ಕಿಸಿದರೆ ಕೆಲವೊಮ್ಮೆ ಇದ್ದ ಇಂಟರ್‌ನೆಟ್ಟೂ ಹೋಗುತ್ತೆ, ಬಿಲ್ ಪ್ರಿಂಟರ್ರೂ ಸಿಗಲ್ಲ.

ನೆಟ್‌ವರ್ಕ್‌ಗೆ ಸೇರುವ ಪ್ರತಿ ಕಂಪ್ಯೂಟರ್, ಮೊಬೈಲ್‌ಗೆ ರೂಟರ್ ಒಂದು ಐಪಿ ನಂಬರ್ ಕೊಡುತ್ತೆ. ಇದಕ್ಕೆ ಡಿಎಚ್‌ಸಿಪಿ ಅಂತಾರೆ. ಎರಡು ರೂಟರ್‌ಗಳು ಒಟ್ಟಿಗೆ ನಂಬರ್ ಹಂಚಿದರೆ ಗೊಂದಲ ಖಚಿತ. ಹಂಚುವ ಕೆಲಸ ಹಳೇ ರೂಟರ್‌ಗೆ ಮಾತ್ರ ಇರಲಿ.

ಜೋಡಿಸುವ ಕ್ರಮ:

1. ಹೊಸ ರೂಟರನ್ನು ಮೊದಲು ಲ್ಯಾಪ್‌ಟಾಪ್‌ಗೆ ಮಾತ್ರ ಕೇಬಲ್‌ನಲ್ಲಿ ಜೋಡಿಸಿ ಸೆಟ್ಟಿಂಗ್ಸ್ ತೆರೆಯಿರಿ. ‘ಆಕ್ಸೆಸ್ ಪಾಯಿಂಟ್’ ಮೋಡ್ ಇದ್ದರೆ ಅದನ್ನೇ ಆರಿಸಿ, ಜೊತೆಗೆ ಬಂದ ಕೈಪಿಡಿಯಂತೆ ಜೋಡಿಸಿ. ಇಲ್ಲದಿದ್ದರೆ ಮುಂದಿನ ಹಂತಗಳು.

2. ವೈಫೈ ಹೆಸರು, ಗಟ್ಟಿ ಪಾಸ್‌ವರ್ಡ್ ಹಾಕಿ. ಅಡ್ಮಿನ್ ಪಾಸ್‌ವರ್ಡನ್ನೂ ಬದಲಾಯಿಸಿ.

3. ಹಳೇ ರೂಟರ್ ವಿಳಾಸ 192.168.1.1 ಇದ್ದರೆ ಹೊಸದಕ್ಕೆ 192.168.1.2 ಕೊಡಬಹುದು. ಆ ನಂಬರ್ ಬೇರೆ ಯಾವುದಕ್ಕೂ ಇರಬಾರದು, ಹಳೇ ರೂಟರ್ ಹಂಚುವ ನಂಬರ್‌ಗಳಲ್ಲೂ ಬರಬಾರದು.

4. ಹೊಸ ವಿಳಾಸದಲ್ಲಿ ಮತ್ತೆ ಲಾಗಿನ್ ಆಗಿ ಡಿಎಚ್‌ಸಿಪಿ ಆಫ್ ಮಾಡಿ.

5. ಹಳೇದರ ಲ್ಯಾನ್ ಪೋರ್ಟ್‌ನಿಂದ ಹೊಸದರ ಲ್ಯಾನ್ ಪೋರ್ಟ್‌ಗೆ ಕೇಬಲ್ ಎಳೆಯಿರಿ. ಹೊಸದರ ವಾನ್ ಪೋರ್ಟ್ ಖಾಲಿ ಇರಲಿ. ಕೇಬಲ್ 100 ಮೀಟರ್ ಮೀರಬಾರದು.

ಅಂಗಡಿ ಮುಚ್ಚಿದ ಮೇಲೆ ಈ ಕೆಲಸ ಮಾಡಿ, ಒಂದು ಬಿಲ್ ಪ್ರಿಂಟ್ ತೆಗೆದು ನೋಡಿ.

ಗಮನಿಸಿ: ಈ ವೈಫೈಗೆ ಸೇರಿದವರು ಬಿಲ್ಲಿಂಗ್ ಕಂಪ್ಯೂಟರ್ ಇರೋ ನೆಟ್‌ವರ್ಕ್‌ಗೇ ಬಂದಂತೆ. ಪಾಸ್‌ವರ್ಡ್ ಗೋಡೆಗೆ ಅಂಟಿಸಬೇಡಿ. ಗಿರಾಕಿಗಳಿಗೆ ಕೊಡಲೇಬೇಕಿದ್ದರೆ ಹಳೇ ರೂಟರ್‌ನಲ್ಲಿ ‘ಗೆಸ್ಟ್ ವೈಫೈ’ ಇದೆಯಾ ನೋಡಿ, ಅದನ್ನು ಕೊಡಿ.